ಹಬ್ಬದ ದಿವಾಳಿ, ಕೋರ್ಟಿನ ದಿವಾಳಿ

ಸೈನ್ಯದ ಆಸ್ಪತ್ರೆಗಳಿಗೆ ನರ್ಸುಗಳನ್ನು ಆರಿಸುವ ಕುರ್ಚಿಯಲ್ಲಿ ಕುಳಿತಿರುವ ಮಾನ್ಯರೇ,

ನನ್ನ ಮಗಳು ವೇದಾವತಿ ದಿವಾಳಿಯೆದ್ದವಳು ಎಂದು ಇದೇ ಜನವರಿ ಹದಿನೇಳರಂದು ನೀವು ಟೈಪು ಮಾಡಿಸಿ, ಮೊಹರು ಒತ್ತಿಸಿ, ರಿಜಿಸ್ಟರ್ಡ್ ಅಂಚೆಯಲ್ಲಿ ನಮ್ಮ ಡೊಂಬಿವಲಿಯ ಚಾಳಿಗೆ, ಈ ಸಾಲುಮನೆಗಳ ವಠಾರಕ್ಕೆ, ಕಳಿಸಿದ್ದೀರಿ. ಇಪ್ಪತ್ನಾಲ್ಕು ವರ್ಷದ ಈ ಹುಡುಗಿ ಇದುವರೆಗೆ ಒಂದು ಅಂಗಡಿ ಇಟ್ಟವಳಲ್ಲ, ಒಂದು ಸಾಲದ ಪತ್ರಕ್ಕೆ ಸಹಿ ಹಾಕಿದವಳಲ್ಲ. ಠಾಣೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಮೂರು ವರ್ಷದಿಂದ ನರ್ಸಾಗಿ ದುಡಿಯುತ್ತಿದ್ದಾಳೆ. ನಿಮ್ಮ ಲಿಖಿತ ಪರೀಕ್ಷೆ, ನಿಮ್ಮ ಸಂದರ್ಶನ, ನಿಮ್ಮ ವೈದ್ಯರು ಹಲ್ಲಿನಿಂದ ಹಿಮ್ಮಡಿಯವರೆಗೆ ಮಾಡಿದ ತಪಾಸಣೆ, ಮೂರನ್ನೂ ದಾಟಿ ಬಂದಿದ್ದಾಳೆ. ಕೊನೆಗೆ ನಿಮ್ಮ ಕಾಗದದಲ್ಲಿ ಇದ್ದದ್ದು ಎರಡು ಸಾಲು. ಅಭ್ಯರ್ಥಿ ದಿವಾಳಿ ಎಂದು ಘೋಷಿತಳಾದವಳಾದ್ದರಿಂದ ಸೇವೆಗೆ ಅನರ್ಹಳು ಎಂಬುದು ಮೊದಲನೆಯದು. ಈ ಸಂಗತಿಯನ್ನು ಅರ್ಜಿಯಲ್ಲಿ ಮುಚ್ಚಿಟ್ಟು ಸುಳ್ಳು ಬರೆದಿದ್ದರಿಂದ ಮುಂದೆಯೂ ಅನರ್ಹಳು ಎಂಬುದು ಎರಡನೆಯದು. ಮೊದಲ ಸಾಲಿನಲ್ಲಿ ಅವಳ ಕೆಲಸ ಹೋಯಿತು, ಎರಡನೆಯದರಲ್ಲಿ ಮಾನ ಹೋಯಿತು. ಜೂನ್ ಹದಿನಾಲ್ಕಕ್ಕೆ ಅವಳಿಗೆ ಇಪ್ಪತ್ತೈದು ತುಂಬಿ ನಿಮ್ಮ ವಯೋಮಿತಿಯೂ ದಾಟುತ್ತದೆ. ಆಮೇಲೆ ನಿಮ್ಮ ತಪ್ಪು ನಿಮಗೇ ಗೊತ್ತಾದರೂ ಪ್ರಯೋಜನವಿಲ್ಲ.

ಈ ಪತ್ರವನ್ನು ಕನ್ನಡದಲ್ಲಿ ಏಕೆ ಬರೆದೆ ಎಂದು ನಿಮ್ಮ ಕಛೇರಿಯವರು ಕೇಳಬಹುದು. ಇಂಗ್ಲಿಷಿನಲ್ಲಿ ಮೂರು ಬರೆದು ನೋಡಿದೆ. ಮೊದಲನೆಯದಕ್ಕೆ ಉತ್ತರವಿಲ್ಲ, ಎರಡನೆಯದಕ್ಕೆ ಮೊದಲನೆಯದರ ನಕಲು ಲಗತ್ತಿಸಿ ಎಂದು ಉತ್ತರ ಬಂತು, ನಕಲು ಲಗತ್ತಿಸಿದ ಮೂರನೆಯದಕ್ಕೆ ಮತ್ತೆ ಉತ್ತರವಿಲ್ಲ. ನನ್ನ ಇಂಗ್ಲಿಷ್ ನಿಮಗೆ ಓದಲು ಬರಲಿಲ್ಲವೆಂದ ಮೇಲೆ ಕನ್ನಡವೂ ಬರದಿದ್ದರೆ ಹೊಸ ನಷ್ಟವೇನಿಲ್ಲ. ಅದೂ ಅಲ್ಲದೆ ಒಂದು ಭಾಷೆಯ ಮಾತು ಇನ್ನೊಂದು ಭಾಷೆಯ ಕಿವಿಗೆ ಬಿದ್ದು, ಮೂರನೆಯ ಭಾಷೆಯ ಫೈಲಿಗೆ ಇಳಿದದ್ದರಿಂದಲೇ ಇಷ್ಟೆಲ್ಲ ಆಗಿದೆ. ನಾನಾದರೂ ಈ ಸಲ ನನ್ನ ಭಾಷೆಯಲ್ಲೇ ಇದ್ದು ಹೇಳುತ್ತೇನೆ. ನೀವು ಓದದಿದ್ದರೂ ಕಲ್ಯಾಣದಿಂದ ಠಾಣೆಯವರೆಗಿನ ನಮ್ಮ ಜನ ಪತ್ರಿಕೆಯಲ್ಲಿ ಓದುತ್ತಾರೆ.

ಮೊದಲು ನಿಮ್ಮ ನಿಯಮಕ್ಕೆ ನಮಸ್ಕಾರ. ದಿವಾಳಿಯಾದವನನ್ನು ಸೈನ್ಯಕ್ಕೆ ಏಕೆ ಸೇರಿಸಬಾರದು ಎಂಬುದನ್ನು ನೀವು ನನ್ನನ್ನು ನಿಮ್ಮ ಮೇಜಿನ ಮುಂದೆ ನಿಲ್ಲಿಸಿ ವಿವರಿಸಿದ್ದೀರಿ. ಕೈಯಲ್ಲಿ ಕಾಸಿಲ್ಲದವನು ಕಾಸಿನ ಆಸೆಗೆ ಬೀಳುತ್ತಾನೆ, ಶತ್ರುವಿನ ಕಡೆಯವನು ನೋಟಿನ ಕಟ್ಟು ತೋರಿಸಿದರೆ ಗುಟ್ಟು ಬಿಟ್ಟುಕೊಡುತ್ತಾನೆ. ಒಪ್ಪಿದೆ. ತೋಪು ಕಾಯುವವನ ವಿಷಯದಲ್ಲಿ, ನಕ್ಷೆ ಬರೆಯುವವನ ವಿಷಯದಲ್ಲಿ ಇದು ನ್ಯಾಯವಾದ ಮಾತೇ. ಆದರೆ ನರ್ಸು ಯಾವ ಗುಟ್ಟನ್ನು ಮಾರುತ್ತಾಳೆ ಸ್ವಾಮಿ? ಯಾವ ಸುಬೇದಾರನಿಗೆ ಮೂಲವ್ಯಾಧಿ, ಯಾವ ಕರ್ನಲನಿಗೆ ಸೂಜಿಯೆಂದರೆ ಭಯ ಎಂಬುದನ್ನು ತಿಳಿದುಕೊಳ್ಳಲು ಶತ್ರುರಾಷ್ಟ್ರದವರು ಹಣ ಖರ್ಚು ಮಾಡುತ್ತಾರೆಯೇ? ಹೋಗಲಿ, ನಿಯಮ ಎಂದಮೇಲೆ ಎಲ್ಲರಿಗೂ ಒಂದೇ, ಅದನ್ನೂ ಒಪ್ಪಿದೆ. ನಾನು ಕೇಳುವುದು ಒಂದೇ ಮಾತು. ದಿವಾಳಿಯಾದದ್ದು ಯಾರು?

ನಾನು. ಇದರಲ್ಲಿ ಮುಚ್ಚುಮರೆ ಇಲ್ಲ. ಉಡುಪಿ ಕಡೆಯಿಂದ ಹದಿನೆಂಟನೇ ವಯಸ್ಸಿಗೆ ಬಂದು, ಅವರಿವರ ಹೋಟೆಲಿನಲ್ಲಿ ಮುಸುರೆ ತಿಕ್ಕಿ, ಕೊನೆಗೆ ಕಲ್ಯಾಣದ ರೈಲ್ವೆ ಲೋಕೋ ಶೆಡ್ಡಿನ ಎದುರು ಎಂಟು ಮೇಜಿನ ಒಂದು ಹೋಟೆಲು ಇಟ್ಟವನು ನಾನು. ನನ್ನ ಗಿರಾಕಿಗಳೆಲ್ಲ ರೈಲ್ವೆಯವರು. ಎಪ್ಪತ್ತನಾಲ್ಕರ ಮೇ ತಿಂಗಳಿನಲ್ಲಿ ದೇಶದ ರೈಲೆಲ್ಲ ನಿಂತಾಗ ಅವರ ಸಂಬಳವೂ ನಿಂತಿತು. ಕೆಲವರು ಜೈಲಿಗೆ ಹೋದರು, ಕೆಲವರನ್ನು ಕ್ವಾರ್ಟರ್ಸಿನಿಂದ ಹೊರಗೆ ಹಾಕಿದರು. ಅವರ ಹೆಂಡತಿಯರು ಅಲ್ಯೂಮಿನಿಯಂ ಡಬ್ಬಿ ಹಿಡಿದುಕೊಂಡು ನನ್ನ ಹೋಟೆಲಿನ ಹಿಂದಿನ ಬಾಗಿಲಿಗೆ ಬಂದರು. ಹನ್ನೆರಡು ವರ್ಷ ದುಡ್ಡು ಕೊಟ್ಟು ಉಂಡವರ ಮನೆಯವರಿಗೆ ಈಗ ಇಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ. ಮುಷ್ಕರ ಮುಗಿಯುವವರೆಗೆ ಮಾತ್ರವಲ್ಲ, ಅದು ಮುಗಿದು ಕೆಲಸ ಕಳೆದುಕೊಂಡವರಿಗೆ ಆಮೇಲೂ ಐದು ತಿಂಗಳು ಊಟ ಹಾಕಿದೆ. ವ್ಯಾಪಾರ ಗೊತ್ತಿಲ್ಲದ ಮನುಷ್ಯ ಎಂದು ನನ್ನ ಜಾತಿಯ ಹೋಟೆಲಿನವರೇ ಆಡಿಕೊಂಡರು. ಅವರು ಹೇಳಿದ್ದು ಸರಿ, ನಾನು ಮುಳುಗಿದೆ. ಎಪ್ಪತ್ತೈದರಲ್ಲಿ ಠಾಣೆಯ ಕೋರ್ಟಿಗೆ ನಾನೇ ಅರ್ಜಿ ಕೊಟ್ಟು ದಿವಾಳಿ ಎಂದು ಬರೆಸಿಕೊಂಡೆ. ಕೋರ್ಟಿನವರು ಬಂದು ಮೇಜು, ಬೆಂಚು, ತಾಮ್ರದ ಬಾಯ್ಲರು, ಗಡಿಯಾರ ಎಲ್ಲವನ್ನೂ ಹರಾಜು ಹಾಕಿದರು. ಹಿಟ್ಟು ರುಬ್ಬುವ ದೊಡ್ಡ ಕಡೆಯುವ ಕಲ್ಲನ್ನು ಮಾತ್ರ ಯಾರೂ ಕೂಗಲಿಲ್ಲ, ಹೊರುವ ಖರ್ಚೇ ಹೆಚ್ಚು ಎಂದು ಬಿಟ್ಟುಹೋದರು. ಅದನ್ನು ಚಾಳಿನ ಗ್ಯಾಲರಿಗೆ ತಂದು ಹಾಕಿದೆವು. ವೇದಾವತಿ ಮೆಟ್ರಿಕ್ ಓದಿದ್ದು ಅದರ ಮೇಲೆ ಕೂತು.

ದಿವಾಳಿಯಾದವನಿಗೆ ಕಾನೂನು ಒಂದು ಪಾಠ ಕಲಿಸುತ್ತದೆ, ನಿಮಗೆ ತಿಳಿದಿರಲಾರದು. ಕೋರ್ಟು ಬಿಡುಗಡೆ ಮಾಡುವವರೆಗೆ ಆತ ಐವತ್ತು ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟು ಯಾರಿಂದ ಉದ್ದರಿ ತಂದರೂ ತಾನು ದಿವಾಳಿ ಎಂದು ಮೊದಲು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಜೈಲು. ನಾಲ್ಕು ವರ್ಷ ನಾನು ತಿಂಗಳ ಮೊದಲ ವಾರ ಕಿರಾಣಿ ಅಂಗಡಿಯ ಕಟ್ಟೆ ಹತ್ತಿ, ಅಕ್ಕಿ ಬೇಳೆ ಕೇಳುವ ಮೊದಲು, ‘ಮಾಝಂ ದಿವಾಳಂ ನಿಘಾಲಂ ಆಹೆ’ ಎಂದು ಮರಾಠಿಯಲ್ಲಿ ಒಪ್ಪಿಸುತ್ತಿದ್ದೆ. ನನ್ನದು ದಿವಾಳಿ ಎದ್ದಿದೆ ಎಂದು ಅದರರ್ಥ. ಮೊದಮೊದಲು ಅಂಗಡಿಯವನು ಗಾಬರಿಯಾಗುತ್ತಿದ್ದ. ಆಮೇಲಾಮೇಲೆ ನಾನು ಬಾಯಿ ತೆರೆಯುವ ಮೊದಲೇ ತಕ್ಕಡಿಗೆ ಅಕ್ಕಿ ಸುರಿಯುತ್ತಿದ್ದ. ನಾನು ಮಾತ್ರ ಒಂದು ಸಲವೂ ಬಿಟ್ಟವನಲ್ಲ. ಮಡದಿ ರಮಾಮಣಿ ತಲೆ ತಗ್ಗಿಸಿಕೊಂಡು ಪಕ್ಕದ ಓಣಿಯಲ್ಲಿ ನಿಲ್ಲುತ್ತಿದ್ದಳು. ಈ ಬಾಯಿಪಾಠವೇ ಮುಂದೆ ನನ್ನ ಮಗಳ ಕುತ್ತಿಗೆಗೆ ಬಂತು, ಅದನ್ನು ಮುಂದೆ ಹೇಳುತ್ತೇನೆ.

ಎಪ್ಪತ್ತೊಂಬತ್ತರಲ್ಲಿ ಕೋರ್ಟು ನನ್ನನ್ನು ಬಿಡುಗಡೆ ಮಾಡಿತು. ಸಾಲ ಕೊಟ್ಟವರಿಗೆ ನಾನು ಇನ್ನು ಒಂದು ಪೈಸೆಯೂ ಕೊಡಬೇಕಾಗಿಲ್ಲ ಎಂದು ನ್ಯಾಯಾಧೀಶರು ಸಹಿ ಹಾಕಿದ ಕಾಗದ ನನ್ನ ಟ್ರಂಕಿನಲ್ಲಿದೆ. ಆಗಿನಿಂದ ಇಂದಿನವರೆಗೆ ವಾಗ್ಳೆ ಎಸ್ಟೇಟಿನ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮ್ಯಾನೇಜರು ಎಂಬ ದೊಡ್ಡ ಹೆಸರಿನ ಸಣ್ಣ ಕೆಲಸ ಮಾಡುತ್ತಿದ್ದೇನೆ. ಈಗ ನಿಮ್ಮ ಆರೋಪಿಯ ಗುಣನಡತೆಗೆ ಬರೋಣ. ನನ್ನ ಹೋಟೆಲಿಗೆ ತೆಂಗಿನಕಾಯಿ, ಬಾಳೆ ಎಲೆ ಹಾಕುತ್ತಿದ್ದವರು ಬೂಬ ಪೂಜಾರಿ ಎಂಬ ನಮ್ಮೂರ ಕಡೆಯ ಹಿರಿಯರು. ಅವರಿಗೆ ನನ್ನಿಂದ ಬರಬೇಕಾಗಿದ್ದುದು ಕೋರ್ಟಿನ ಒಂದು ಸಹಿಯಲ್ಲಿ ಅಳಿಸಿಹೋಯಿತು. ವೇದಾವತಿ ಕೆಲಸಕ್ಕೆ ಸೇರಿದ ಮೊದಲ ತಿಂಗಳು ಸಂಬಳದ ಲಕೋಟೆ ಹಿಡಿದುಕೊಂಡು ನೇರವಾಗಿ ಕಲ್ಯಾಣದ ಮಾರ್ಕೆಟ್ಟಿಗೆ ಹೋಗಿ ಅವರ ಮುಂದೆ ಇಟ್ಟಳಂತೆ. ಎರಡು ವರ್ಷ ತಿಂಗಳು ತಿಂಗಳು ಕೊಟ್ಟು ತೀರಿಸಿದಳು. ನನಗೆ ಹೇಳಲಿಲ್ಲ. ಕೊನೆಯ ಕಂತಿನ ದಿನ ಬೂಬ ಪೂಜಾರಿಯವರೇ ಮನೆಗೆ ಬಂದು, ಅರ್ಧ ಡಜನ್ ಕಾಯಿ ಹೊಸ್ತಿಲ ಬಳಿ ಇಟ್ಟು, ನಿಮ್ಮ ಮಗಳು ಎಲ್ಲ ತೀರಿಸಿದಳು ಎಂದು ಹೇಳಿ ಅತ್ತುಬಿಟ್ಟರು. ಕಾನೂನು ಮಾಫಿ ಮಾಡಿದ, ತನ್ನದಲ್ಲದ ಸಾಲವನ್ನು ತೀರಿಸಿದವಳು ಇವಳು. ಇವಳನ್ನು ನೀವು ದಿವಾಳಿ ಎಂದಿರಿ. ನಿಮ್ಮ ಕಛೇರಿಯಲ್ಲಿ ಇವಳಿಗಿಂತ ಹೆಚ್ಚು ಋಣಮುಕ್ತರು ಎಷ್ಟು ಜನ ಇದ್ದಾರೆ ಎಂದು ಒಮ್ಮೆ ಎಣಿಸಿ ನೋಡಿ.

ಇನ್ನೂ ಒಂದು ವಿಷಯ. ಇವಳಿಗೆ ಸೈನ್ಯದ ನರ್ಸೇ ಆಗಬೇಕೆಂಬ ಹುಚ್ಚು ಎಲ್ಲಿಂದ ಬಂತು ಎಂದು ಸಂದರ್ಶನದಲ್ಲಿ ಕೇಳಿದಿರಂತೆ. ನಾಚಿಕೆಯಿಂದ ‘ದೇಶಸೇವೆ’ ಎಂದು ಹೇಳಿ ಬಂದಳು. ನಿಜ ಬೇರೆ ಇದೆ. ಎಪ್ಪತ್ತೊಂದರ ಡಿಸೆಂಬರಿನಲ್ಲಿ ಯುದ್ಧದ ಗಾಯಾಳುಗಳ ಗಾಡಿಯೊಂದು ಕಲ್ಯಾಣದಲ್ಲಿ ನಿಂತಿತ್ತು. ಸ್ಟೇಷನ್ನಿನವರು ಬಂದು ಬಿಸಿ ಚಹಾ ಬೇಕೆಂದರು. ಎರಡು ದೊಡ್ಡ ಪಾತ್ರೆ ಹೊತ್ತುಕೊಂಡು ನಾವೆಲ್ಲ ಹೋದೆವು, ಹತ್ತು ವರ್ಷದ ಇವಳೂ ಬಸಿ ಹಿಡಿದುಕೊಂಡು ಬಂದಳು. ಕಿಟಕಿಯ ಪಕ್ಕ ಒಬ್ಬ ಸರ್ದಾರ್ಜಿ ಕೂತಿದ್ದ. ಎರಡೂ ಕೈಗೆ ಮೊಣಕೈಯವರೆಗೆ ಬ್ಯಾಂಡೇಜು. ಲೋಟ ಹಿಡಿಯಲಾರ. ಇವಳು ಬೆಂಚಿನ ಮೇಲೆ ಹತ್ತಿ, ಚಹಾವನ್ನು ಬಸಿಗೆ ಹಾಕಿ, ಊದಿ ಆರಿಸಿ, ಅವನ ಬಾಯಿಗೆ ಹಿಡಿದಳು. ಅವನು ಕುಡಿದು ಮುಗಿಸುವವರೆಗೆ ಗಾಡಿ ಹೊರಡಬಾರದೆಂದು ಇವಳು ಗಾರ್ಡಿನ ಕಡೆ ಕಣ್ಣು ಬಿಡುತ್ತಿದ್ದದ್ದು ನನಗೆ ಇನ್ನೂ ಕಾಣಿಸುತ್ತದೆ. ಆವತ್ತು ಇನ್ನೂರ ಮೂವತ್ತು ಲೋಟ ಚಹಾ ಹೋಯಿತು. ನಾನು ಸೈನ್ಯಕ್ಕೆ ಬಿಲ್ಲು ಕಳಿಸಲಿಲ್ಲ, ಸೈನ್ಯದವರು ನನ್ನ ಆರ್ಥಿಕ ಸ್ಥಿತಿ ವಿಚಾರಿಸಲಿಲ್ಲ. ಎರಡೂ ಕಡೆಯಿಂದ ಸರಿಯಾಗಿತ್ತು.

ಈಗ ನಿಮ್ಮ ಅರ್ಜಿ. ಅದರ ಹದಿನಾಲ್ಕನೇ ಕಲಮಿನಲ್ಲಿ ‘ಅಭ್ಯರ್ಥಿ ದಿವಾಳಿ ಎಂದು ಘೋಷಿತರಾಗಿದ್ದಾರೆಯೇ’ ಎಂದಿದೆ. ಇವಳು ‘ಇಲ್ಲ’ ಎಂದು ಬರೆದಳು. ತಂದೆಯ ಬಗ್ಗೆ ನಿಮ್ಮ ಅರ್ಜಿ ಕೇಳುವುದೇ ಇಲ್ಲ. ಆದರೂ ಆ ಕಲಮನ್ನು ನೋಡಿದ ದಿನದಿಂದ ನನಗೆ ಅನ್ನ ಸೇರಲಿಲ್ಲ. ಪೊಲೀಸರು ಮನೆಗೆ ವಿಚಾರಣೆಗೆ ಬರುತ್ತಾರಂತೆ, ಅಪ್ಪನ ವಿಷಯ ಕೇಳಿದರೆ ಏನು ಹೇಳಲಿ ಎಂದು ಮೂರು ತಿಂಗಳು ಅದನ್ನೇ ನಾಲಿಗೆಯಲ್ಲಿ ಉರುಳಿಸಿದೆ. ನಿಜವನ್ನೇ ಹೇಳುವುದು, ಬಿಡುಗಡೆಯ ಕಾಗದ ತೋರಿಸುವುದು ಎಂದು ನಿಶ್ಚಯ ಮಾಡಿಕೊಂಡೆ. ಕೇಳಿದರೆ ಹೇಳಿದರೆ ಸಾಕು, ನೀವಾಗಿ ಎತ್ತಬೇಡಿ ಎಂದು ರಮಾಮಣಿ ದಿನಕ್ಕೆರಡು ಸಲ ಎಚ್ಚರಿಸುತ್ತಿದ್ದಳು.

ನವೆಂಬರ್ ಹತ್ತರ ಭಾನುವಾರ ಬೆಳಿಗ್ಗೆ ಕಾನ್‌ಸ್ಟೇಬಲ್ ಬಂದ. ಹಬ್ಬಕ್ಕೆ ಇನ್ನೆರಡೇ ದಿನ. ಇಡೀ ಚಾಳು ಚಕ್ಕುಲಿಯ ಎಣ್ಣೆ ವಾಸನೆಯಿಂದ ತುಂಬಿತ್ತು, ಗ್ಯಾಲರಿಯ ಉದ್ದಕ್ಕೂ ಬಣ್ಣದ ಕಾಗದದ ಗೂಡುದೀಪಗಳು ತೂಗುತ್ತಿದ್ದವು. ಮಧ್ಯವಯಸ್ಸಿನ, ಒಳ್ಳೆಯ ಮಾತಿನ ಮನುಷ್ಯ. ರೇಷನ್ ಕಾರ್ಡು ನೋಡಿದ, ಎಷ್ಟು ವರ್ಷದಿಂದ ಇದ್ದೀರಿ ಎಂದು ಕೇಳಿದ, ಹುಡುಗಿಯ ಮೇಲೆ ಕೇಸುಗೀಸು ಇದೆಯೇ ಎಂದು ಕೇಳಿ ತಾನೇ ನಕ್ಕ. ಅಭ್ಯರ್ಥಿ ಆ ಹೊತ್ತಿಗೆ ಆಸ್ಪತ್ರೆಯ ಪಾಳಿಯಲ್ಲಿದ್ದಳು. ಎಲ್ಲವನ್ನೂ ಡೈರಿಯಲ್ಲಿ ಬರೆದುಕೊಂಡು, ಚಹಾ ಕುಡಿದು, ಟೋಪಿ ಹಾಕಿಕೊಂಡು ಹೊಸ್ತಿಲ ಬಳಿ ನಿಂತ. ನಿಂತು ತಲೆ ಕೆರೆದುಕೊಂಡು ಕೇಳಿದ: “ಆಣಿ ದಿವಾಳೀಚಂ ಕಾಯ್?”

ಮಾನ್ಯರೇ, ನಿಮಗೆ ಮರಾಠಿ ಬರುತ್ತದೆಯೋ ಇಲ್ಲವೋ ತಿಳಿಯದು. ಮರಾಠಿಯಲ್ಲಿ ದಿವಾಳಿ ಎಂದರೆ ನಮ್ಮ ದೀಪಾವಳಿ. ನಾವು ಕನ್ನಡದಲ್ಲಿ ದಿವಾಳಿ ಎನ್ನುವುದಕ್ಕೆ ಅವರು ದಿವಾಳಂ ಎನ್ನುತ್ತಾರೆ. ‘ದಿವಾಳೀಚಂ ಕಾಯ್’ ಎಂದರೆ ಹಬ್ಬದ್ದೇನು, ಅಂದರೆ ಹಬ್ಬದ ಖುಷಿಗೆ ಏನಾದರೂ ಕೊಡಿ ಎಂದು. ‘ದಿವಾಳ್ಯಾಚಂ ಕಾಯ್’ ಎಂದರೆ ನಿಮ್ಮ ದಿವಾಳಿತನದ ವಿಷಯವೇನು ಎಂದು. ಎರಡಕ್ಕೂ ನಡುವೆ ಇರುವುದು ಅರ್ಧ ಅಕ್ಷರ. ಇಪ್ಪತ್ತೆಂಟು ವರ್ಷ ಈ ನಾಡಿನಲ್ಲಿದ್ದ ನನಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಅಂಚೆಯವನಿಗೆ, ಕಸ ಗುಡಿಸುವವಳಿಗೆ, ಹಾಲಿನವನಿಗೆ ಆ ವಾರ ನಾನೇ ಹಬ್ಬದ್ದು ಕೊಟ್ಟಿದ್ದೆ. ಆದರೆ ಈತ ಖಾಕಿ ತೊಟ್ಟು, ಕಂಕುಳಲ್ಲಿ ನಿಮ್ಮ ಫೈಲು ಹಿಡಿದುಕೊಂಡು ನಿಂತಿದ್ದ. ಮೂರು ತಿಂಗಳು ನಾನು ಕಾದಿದ್ದ ಪ್ರಶ್ನೆ ಕೊನೆಗೂ ಬಂತು ಎಂದುಕೊಂಡೆ. ಹೆಂಡತಿಯ ಎಚ್ಚರಿಕೆ ನೆನಪಾಯಿತು, ಈಗ ಅವರೇ ಕೇಳಿದರಲ್ಲ ಎಂದು ಸಮಾಧಾನವೂ ಆಯಿತು. ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಪಳಗಿದ ನಾಲಿಗೆ ತಾನಾಗಿ ತೆರೆದುಕೊಂಡಿತು. “ನಿಘಾಲಂ ಹೋತಂ, ಸಾಹೇಬ, ಪಂಚ್ಯಾಹತ್ತರ್ ಸಾಲೀ” ಎಂದೆ. ಎದ್ದಿತ್ತು ಸಾಹೇಬರೇ, ಎಪ್ಪತ್ತೈದರಲ್ಲಿ.

ಪಾಪ, ಅವನ ಮುಖ ನೀವು ನೋಡಬೇಕಿತ್ತು. ಹತ್ತು ರೂಪಾಯಿ ಕೇಳಿದವನಿಗೆ ನಾನು ಟ್ರಂಕು ತೆರೆದು ಕೋರ್ಟಿನ ಕಡತ ತಂದುಕೊಟ್ಟೆ. ಕನ್ನಡಕ ಹಾಕಿಕೊಂಡು ಆದೇಶದ ನಂಬರು ಓದಿ ಹೇಳಿದೆ. ಅವನು ಎರಡು ಸಲ ನನ್ನನ್ನೂ ಕಾಗದವನ್ನೂ ನೋಡಿದ. ಆಮೇಲೆ ಮುಖ ಬಿಗಿದುಕೊಂಡು ಮುಚ್ಚಿದ್ದ ಡೈರಿಯನ್ನು ಮತ್ತೆ ತೆರೆದ. ನನ್ನ ಹೆಸರು ಉದ್ದ, ತಪ್ಪು ಬರೆದುಕೊಂಡಾನು ಎಂದು ಪು, ಂ, ಡ ಎಂದು ಬಿಡಿಸಿ ಬಿಡಿಸಿ ನಾನೇ ಬರೆಸಿದೆ. ಬಿಡುಗಡೆಯ ಆದೇಶವನ್ನೂ ಬರೆದುಕೊಳ್ಳಿ ಎಂದೆ. ‘ಬರಂ, ಬರಂ’, ಆಯಿತು ಆಯಿತು, ಎನ್ನುತ್ತ ಮೆಟ್ಟಿಲಿಳಿದು ಹೋದ. ಒಳಗೆ ಬಂದು ರಮಾಮಣಿಗೆ, ಕೇಳಿದರು, ಹೇಳಿದೆ, ಎಲ್ಲ ಸಲೀಸಾಗಿ ಮುಗಿಯಿತು ಎಂದೆ. ಆ ದಿನ ಊಟವೂ ಸೇರಿತು.

ಅವನು ಹೋಗಿ ಏನು ಬರೆದ ಎಂಬುದನ್ನು ನಾನು ಈಚೆಗೆ ನಿಮ್ಮ ಗುಮಾಸ್ತರ ಮೇಜಿನ ಮೇಲೆ ತಲೆಕೆಳಗಾಗಿ ಓದಿದೆ. ವರದಿಯ ನಮೂನೆಯಲ್ಲಿ ದಿವಾಳಿಗೆ ಇರುವುದು ಗೆರೆ ಹಾಕಿದ ಒಂದೇ ಕೋಣೆ, ಅದು ಅಭ್ಯರ್ಥಿಯ ಹೆಸರಿನ ಎದುರು. ತಂದೆಗೆ ಕೋಣೆಯಿಲ್ಲ. ಇದ್ದ ಕೋಣೆಯಲ್ಲಿ ಅವನು ‘ಹೋಯ್’ ಎಂದು ಬರೆದಿದ್ದ. ಹೌದು ಎಂದರ್ಥ. ಸಿಟ್ಟಿನಿಂದ ಬರೆದನೋ, ಬೇರೆ ಜಾಗವಿಲ್ಲವೆಂದು ಬರೆದನೋ ದೇವರಿಗೇ ಗೊತ್ತು. ಅವನ ಮೇಲೆ ನನಗೆ ಹಗೆಯಿಲ್ಲ. ಆದರೆ ನಿಮ್ಮ ಕಛೇರಿಯಲ್ಲಿ ಅದನ್ನು ಇಂಗ್ಲಿಷಿಗೆ ಇಳಿಸಿದವರು, ಇಳಿಸಿದ್ದಕ್ಕೆ ಸಹಿ ಹಾಕಿದವರು, ಸಹಿಯ ಮೇಲೆ ಸಹಿ ಹಾಕಿದ ನೀವು, ಹದಿನಾಲ್ಕು ವರ್ಷದ ಹುಡುಗಿ ಎಪ್ಪತ್ತೈದರಲ್ಲಿ ದಿವಾಳಿ ಹೇಗಾದಳು ಎಂದು ಒಬ್ಬರಾದರೂ ಬೆರಳು ಮಡಿಚಿ ಲೆಕ್ಕ ಹಾಕಬಾರದಿತ್ತೇ? ಅವಳು ಹುಟ್ಟಿದ ವರ್ಷ ಅದೇ ಕಾಗದದ ಮೇಲಿದೆ. ಲಂಗ ತೊಟ್ಟು ಶಾಲೆಗೆ ಹೋಗುತ್ತಿದ್ದ ಮಗುವಿಗೆ ಕೋರ್ಟು ಯಾವ ಸಾಲವನ್ನು ಮನ್ನಾ ಮಾಡಿತು, ಬಳಪದ್ದೇ?

ನಿಮ್ಮ ಕಾಗದ ಬಂದ ಸಂಜೆ ಗ್ಯಾಲರಿಯಲ್ಲಿ ಹುಲಗಪ್ಪನಿಗೆ ಅದನ್ನು ತೋರಿಸಿದೆ. ಹುಲಗಪ್ಪ ರಾಯಚೂರ ಕಡೆಯವನು, ಕಲ್ಯಾಣದ ಗೂಡ್ಸ್ ಯಾರ್ಡಿನಲ್ಲಿ ಮೂಟೆ ಹೊರುತ್ತಾನೆ, ನಮ್ಮ ಪಕ್ಕದ ಖೋಲಿ. ಓದು ಬರಹವಿಲ್ಲ, ಆದರೆ ಮರಾಠಿಯನ್ನು ನೀರು ಕುಡಿದ ಹಾಗೆ ಆಡುತ್ತಾನೆ. ಕಾನ್‌ಸ್ಟೇಬಲ್ ಬಂದ ದಿನ ತನ್ನ ಬಾಗಿಲಲ್ಲಿ ಬೀಡಿ ಸೇದುತ್ತ ಎಲ್ಲವನ್ನೂ ಕೇಳಿಸಿಕೊಂಡಿದ್ದನಂತೆ. ನನ್ನ ಮಾತು ಮುಗಿದ ಮೇಲೆ ಮೆಲ್ಲಗೆ ಹೇಳಿದ: “ಭಟ್ರ, ಅವ ಹಬ್ಬದ್ದು ಕೇಳಿದ್ನಲ್ರೀ. ನೀವು ಕೋರ್ಟಿನ ಕಾಗದ ತಗದು ತೋರ್ಸಿದ್ರಿ. ರೊಕ್ಕ ಕೊಡಬಾರದಂತ ಬೇಕಂತನ ಹಂಗ ಮಾಡೀರಿ, ಭಟ್ರು ಭಾಳ ಶಾಣ್ಯಾ ಅದಾರ ಅಂದ್ಕೊಂಡಿದ್ನಿ.”

ಎರಡು ತಿಂಗಳು ಇಡೀ ಚಾಳಿನಲ್ಲಿ ನಾನು ಪೊಲೀಸನಿಗೆ ಟೋಪಿ ಹಾಕಿದ ಜಾಣ ಎಂದು ಹೆಸರಾಗಿತ್ತಂತೆ. ನನಗೆ ಮಾತ್ರ ಗೊತ್ತಿರಲಿಲ್ಲ. ಅಲ್ಲೇ ಕಡೆಯುವ ಕಲ್ಲಿನ ಮೇಲೆ ಕೂತೆ. ಒಳಗಿನಿಂದ ರಮಾಮಣಿ ಎಲ್ಲ ಕೇಳಿಸಿಕೊಂಡಿದ್ದಳು. ಹತ್ತು ವರ್ಷ ಒಂದೇ ಒಂದು ಆಕ್ಷೇಪ ಎತ್ತದವಳು ಬಾಗಿಲಿಗೆ ಬಂದು, “ಒಂದು ಸಲ ಬಾಯಿ ಮುಚ್ಚಿ ಕೂತ್ಕೊಳ್ಳಿಕ್ಕೆ ಆಗ್ಲಿಲ್ವಾ ನಿಮ್ಗೆ?” ಎಂದು ಕೇಳಿ ಒಳಗೆ ಹೋದಳು. ಪಾಳಿ ಮುಗಿಸಿ ಬಂದ ಮಗಳಿಗೆ ನಾನೇ ಹೇಳಿದೆ. ಇಲ್ಲಿ ಹುಟ್ಟಿ ಮರಾಠಿ ಶಾಲೆಯಲ್ಲಿ ಓದಿದವಳು, ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಮರಾಠಿಯಲ್ಲಿ ಉತ್ತರ ಕೊಡುವವಳು. ಆ ದಿನ ಮಾತ್ರ ಕನ್ನಡದಲ್ಲೇ ಹೇಳಿದಳು: “ಅಪ್ಪಾ, ನೀವು ಸತ್ಯ ಹೇಳಿದ್ದಕ್ಕೆ ನಂಗೆ ಬೇಜಾರಿಲ್ಲ. ಅವ್ರು ಕೇಳದೇ ಇದ್ದ ಪ್ರಶ್ನೆಗೆ ಹೇಳಿದ್ರಲ್ಲ, ಅದಕ್ಕೆ ಬೇಜಾರು.” ಹಾಗೆಂದು ಕೈಕಾಲು ತೊಳೆಯಲು ಹೋದಳು. ನಲ್ಲಿಯ ನೀರು ಬಹಳ ಹೊತ್ತು ಬೀಳುತ್ತಿತ್ತು.

ಮರುವಾರ ರಜೆ ಹಾಕಿ, ಅವಳ ಜನನ ಪತ್ರ, ನನ್ನ ಬಿಡುಗಡೆಯ ಆದೇಶ, ಕಾರ್ಖಾನೆಯವರ ಚೀಟಿ ಎಲ್ಲವನ್ನೂ ಜೋಡಿಸಿಕೊಂಡು ನಿಮ್ಮ ಕಛೇರಿಗೆ ಬಂದೆ. ಐದು ಗಂಟೆ ಬೆಂಚಿನ ಮೇಲೆ ಕೂತ ಮೇಲೆ ನಾಲ್ಕು ನಿಮಿಷ ನಿಮ್ಮ ದರ್ಶನವಾಯಿತು. ಕುಳಿತುಕೊಳ್ಳಿ ಎನ್ನಲು ನಿಮಗೆ ನೆನಪಾಗಲಿಲ್ಲ, ಆ ಮಾತು ಬಿಡಿ. ನಾನು ಹೇಳಿದ್ದನ್ನೆಲ್ಲ ಕೇಳಿ ನೀವು ಹೇಳಿದ್ದು ಅಕ್ಷರಶಃ ನೆನಪಿದೆ. “ಫೈಲಿನಲ್ಲಿ ಹೌದು ಎಂದಿದೆ. ಅದನ್ನು ಇಲ್ಲ ಎಂದು ಮಾಡಬೇಕಾದರೆ ಹೊಸ ವರದಿ ಬೇಕು. ಮುಚ್ಚಿದ ಫೈಲಿಗೆ ಹೊಸ ವರದಿ ತರಿಸಲು ಬರುವುದಿಲ್ಲ.” ಫೈಲನ್ನು ಮುಚ್ಚಿದ್ದು ಏಕೆ ಎಂದು ಕೇಳಿದೆ. ಅದರಲ್ಲಿ ಹೌದು ಎಂದಿದ್ದರಿಂದ ಎಂದಿರಿ. ನಮ್ಮ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವವನೂ ಇದಕ್ಕಿಂತ ನೆಟ್ಟಗೆ ಯೋಚಿಸುತ್ತಾನೆ. ಹಳಸಿದ್ದು ಎಂದು ಯಾರೋ ಚೀಟಿ ಅಂಟಿಸಿದ ಪಾತ್ರೆಯನ್ನು ಅವನು ಚೆಲ್ಲುವ ಮೊದಲು ಒಮ್ಮೆ ಮುಚ್ಚಳ ತೆಗೆದು ಮೂಸಿಯಾದರೂ ನೋಡುತ್ತಾನೆ.

ಆಮೇಲೆ ನೀವು ಆ ಆಸೆಯ, ಶತ್ರುವಿನ, ಗುಟ್ಟಿನ ವಿವರಣೆ ಕೊಟ್ಟಿರಿ. ಅದನ್ನು ಮನೆಗೆ ಹೊತ್ತು ತಂದು ಕೂತು ಯೋಚಿಸಿದೆ. ನಿಮ್ಮ ನಿಯಮ ಕಾಯಬೇಕಾದದ್ದು ಯಾರಿಂದ? ಹಣದ ಮುಂದೆ ಕೈ ಚಾಚುವವರಿಂದ ತಾನೇ? ಈ ಇಡೀ ಪ್ರಕರಣದಲ್ಲಿ ಕೈ ಚಾಚಿದವರು ಯಾರು? ಹುಡುಗಿ ಚಾಚಲಿಲ್ಲ. ದಿವಾಳಿಯಾಗಿದ್ದ ಅಪ್ಪ ಚಾಚಲಿಲ್ಲ. ಚಾಚಿದ ಕೈ ಒಂದೇ ಒಂದು, ಅದರ ಬರಹವನ್ನೇ ನೀವು ಪರಮ ಪ್ರಮಾಣ ಎಂದು ಹಿಡಿದುಕೊಂಡಿದ್ದೀರಿ. ಅಂದು ನಾನು ಹತ್ತು ರೂಪಾಯಿ ಕೊಟ್ಟಿದ್ದರೆ ವರದಿಯಲ್ಲಿ ‘ಇಲ್ಲ’ ಎಂದು ಬರುತ್ತಿತ್ತು, ನನ್ನ ಮಗಳು ಈ ಹೊತ್ತಿಗೆ ಸಮವಸ್ತ್ರದ ಅಳತೆ ಕೊಡುತ್ತಿದ್ದಳು. ಹಾಗಾದರೆ ನಿಮ್ಮ ಸೈನ್ಯಕ್ಕೆ ಯೋಗ್ಯತೆ ಎಂದರೆ ಸಾಲವಿಲ್ಲದಿರುವುದಲ್ಲ, ಕೇಳಿದಾಗ ತೆಗೆದುಕೊಡುವುದು. ಇದನ್ನು ಜಾಹೀರಾತಿನಲ್ಲೇ ಹಾಕಿಬಿಡಿ. ಎತ್ತರ ಇಷ್ಟು, ತೂಕ ಇಷ್ಟು, ವಿದ್ಯಾರ್ಹತೆ ಇಷ್ಟು, ಹಬ್ಬದ ಬಾಬ್ತು ಇಷ್ಟು. ನನ್ನಂಥ ದಡ್ಡರಿಗೆ ಅನುಕೂಲವಾಗುತ್ತದೆ.

ಒಬ್ಬ ದಲ್ಲಾಳಿಯೂ ಬಂದಿದ್ದ. ನಿಮ್ಮ ಕಛೇರಿಯ ಕಾಂಪೌಂಡಿನ ಹೊರಗೆ ನಿಂತು, ಹೌದನ್ನು ಇಲ್ಲ ಮಾಡಿಸಿಕೊಡುತ್ತೇನೆ, ಐದು ನೂರಾಗುತ್ತದೆ ಎಂದ. ಹತ್ತು ರೂಪಾಯಿಯದು ಎರಡು ತಿಂಗಳಲ್ಲಿ ಐದು ನೂರಾಗಿತ್ತು, ನನ್ನ ಹೋಟೆಲಿನ ಯಾವ ಸಾಲವೂ ಇಷ್ಟು ಬೇಗ ಬೆಳೆದಿರಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ಕೊಡಲು ಸಿದ್ಧನಾಗಿದ್ದೆ. ಸತ್ಯ ಹೇಳಿ ಮಗಳನ್ನು ಕೆಡಿಸಿದವನಿಗೆ ಸುಳ್ಳು ಕೊಂಡು ಸರಿಮಾಡಲು ಏನು ಅಡ್ಡಿ? ವೇದಾವತಿಯೇ ಬೇಡವೆಂದಳು. ಐದು ನೂರು ಕೊಟ್ಟರೆ ತಾನು ದಿವಾಳಿ ಎಂದು ಒಪ್ಪಿಕೊಂಡ ಹಾಗಾಗುತ್ತದೆ ಎಂದಳು. ಆಮೇಲೆ ನಾನು ಆ ಮಾತು ಎತ್ತಲಿಲ್ಲ.

ಆದ್ದರಿಂದ ಈಗ ನನ್ನ ಬೇಡಿಕೆ. ಇವಳನ್ನು ಸೇರಿಸಿಕೊಳ್ಳಿ ಎಂದು ನಾನು ಕಾಲು ಹಿಡಿಯುತ್ತಿಲ್ಲ. ಆ ಫೈಲನ್ನು ತೆರೆಯಿರಿ. ವರದಿಯಲ್ಲಿ ಅವಳ ಹೆಸರಿನ ಎದುರಿರುವ ‘ಹೌದು’ ಎಂಬುದನ್ನು ಹೊಡೆದು ಹಾಕಿ, ‘ಇಲ್ಲ’ ಎಂದು ಬರೆದು, ಪಕ್ಕದಲ್ಲಿ ನಿಮ್ಮ ಸಹಿ ಹಾಕಿ. ಸುಳ್ಳು ಬರೆದವಳು ಎಂಬ ಎರಡನೇ ಸಾಲನ್ನು ಲಿಖಿತವಾಗಿ ಹಿಂದಕ್ಕೆ ತೆಗೆದುಕೊಳ್ಳಿ. ಇದನ್ನು ಜೂನ್ ಹದಿನಾಲ್ಕರೊಳಗೆ ಮಾಡಿ, ಆಮೇಲಲ್ಲ. ಮುಂದಿನ ದೀಪಾವಳಿಗೆ ನಾನು ಬೇಕಾದರೆ ಊರ ಪೊಲೀಸರಿಗೆಲ್ಲ ಲಾಡು ಹಂಚುತ್ತೇನೆ, ಅಷ್ಟರಲ್ಲಿ ಅವಳ ವಯಸ್ಸು ದಾಟಿರುತ್ತದೆ. ನಿಮ್ಮ ಪಟ್ಟಿಯಲ್ಲಿ ಇವಳಿಗಿಂತ ಚೆನ್ನಾಗಿ ಗಾಯ ಕಟ್ಟುವ ಹುಡುಗಿಯರಿದ್ದು, ಅವರ ಮುಂದೆ ಇವಳು ಹಿಂದೆ ಬಿದ್ದರೆ ನಾನು ಬಾಯಿ ಬಿಡುವುದಿಲ್ಲ. ನನ್ನ ದಿವಾಳಿಯಿಂದ ಮಾತ್ರ ಅವಳು ಬೀಳಬಾರದು. ಅದು ನನ್ನದು. ಕೋರ್ಟಿನ ಮುಂದೆ ನಿಂತು ನಾನೊಬ್ಬನೇ ಪಡೆದದ್ದು, ನಾನೊಬ್ಬನೇ ಕಳೆದುಕೊಂಡದ್ದು.

ಈ ಪತ್ರವನ್ನು ಸಂಪಾದಕರಿಗೆ ಕಳಿಸುವ ಮೊದಲು ಮಗಳಿಗೆ ಓದಿ ಹೇಳಿದೆ. ಕಾನ್‌ಸ್ಟೇಬಲನ ಬಿಲ್ಲೆಯ ನಂಬರು ಹಾಕಿದ್ದೆ, ತೆಗೆಸಿದಳು. ಬೂಬ ಪೂಜಾರಿಯವರ ವಿಷಯವನ್ನೂ ತೆಗೆಯಿರಿ ಎಂದಳು, ನಾನು ಕೇಳಲಿಲ್ಲ. ಕೊನೆಗೆ ತಾನೂ ಒಂದು ಸಾಲು ಬರೆಯುತ್ತೇನೆಂದು ಪೆನ್ನು ಕಿತ್ತುಕೊಂಡಳು. ಅವಳಿಗೆ ಕನ್ನಡ ಬರೆಯಲು ಬರುವುದಿಲ್ಲ. ಒಂದೊಂದೇ ಅಕ್ಷರ ನನ್ನನ್ನು ಕೇಳಿ, ‘ಭ್ಯ’ದ ಒತ್ತಕ್ಷರವನ್ನು ಎರಡು ಸಲ ಹೊಡೆದು ಹಾಕಿ, ಅರ್ಧ ಗಂಟೆಯಲ್ಲಿ ಬರೆದು ಮುಗಿಸಿದಳು. ಬರೆಯುವಾಗ ಅಕ್ಷರ ಹೇಳಿಕೊಟ್ಟೆನೇ ಹೊರತು ಮಾತು ನನ್ನದಲ್ಲ. ಅವಳ ಕೈಬರಹದ ಬ್ಲಾಕು ಮಾಡಿಸುವ ಖರ್ಚು ಪತ್ರಿಕೆಯವರಿಗೆ ಆಗದು, ಆದ್ದರಿಂದ ಅಚ್ಚಿನ ಮೊಳೆಯಲ್ಲೇ ಓದಿಕೊಳ್ಳಿ:

“ಅಭ್ಯರ್ಥಿ ದಿವಾಳಿ ಅಲ್ಲ. ಅವಳ ಅಪ್ಪನೂ ಅಲ್ಲ.”

ಇಂತಿ,
ಕೇಳದ ಪ್ರಶ್ನೆಗೆ ಉತ್ತರ ಕೊಟ್ಟವನು,
ಪುಂಡರೀಕಾಕ್ಷ ಉಪಾಧ್ಯ
ಡೊಂಬಿವಲಿ ಪೂರ್ವ, ಫೆಬ್ರವರಿ 1986